ಲಾಸ್ ವೇಗಸ್ ಹತ್ತಿರದ ಮರುಭೂಮಿಯಲ್ಲಿರುವ ಬಣ್ಣದ ಬಂಡೆಗಳು ಬೀಳುವುದಿಲ್ಲವೇ?

ನೀವು ಕೇಳುತ್ತಿರುವುದು ‘ಸೆವೆನ್ ಮ್ಯಾಜಿಕ್ ಮೌಂಟನ್ಸ್’ ಎಂಬ ಕಲಾಕೃತಿಯ ಬಗ್ಗೆ ಅಲ್ವಾ? ಬೀಳುವುದಿಲ್ಲ. ಸುಮ್ನೆ ಒಂದರ ಮೇಲೊಂದು ಇಟ್ಟಂತೆ ಕಂಡರೂ, ಬಂಡೆಗಳನ್ನು ಕೊರೆದು ಒಳಗೆ ಉಕ್ಕಿನ ಕಂಬಿ ತೂರಿಸಿದ್ದಾರೆ. ಒಟ್ಟು ಏಳು ಗೋಪುರ, ಎತ್ತರ 30 ಅಡಿಗೂ ಜಾಸ್ತಿ. ಕಲ್ಲು ಅಲ್ಲಿಯದೇ ಸುಣ್ಣಕಲ್ಲು. ಬಣ್ಣ ಮಾತ್ರ ಕಣ್ಣು ಕುಕ್ಕುವ ಗುಲಾಬಿ, ಹಳದಿ, ಹಸಿರು.

ಸ್ವಿಟ್ಜರ್ಲೆಂಡ್ ಮೂಲದ ಕಲಾವಿದ ಉಗೊ ರೊಂಡಿನೋನೆ 2016ರಲ್ಲಿ ಇದನ್ನು ನಿಲ್ಲಿಸಿದ್ದು ಎರಡೇ ವರ್ಷಕ್ಕೆಂದು. ಜನ ಬರುವುದು ನಿಲ್ಲಲಿಲ್ಲ, ಅವಧಿ ಮುಂದಕ್ಕೆ ಹೋಯಿತು. ಬಿಸಿಲಿಗೆ ಬಣ್ಣ ಮಾಸುತ್ತದೆ, ಬಂದವರು ಹೆಸರು ಗೀಚುತ್ತಾರೆ (ಈ ಚಟ ನಮ್ಮವರದ್ದು ಮಾತ್ರ ಅಲ್ಲ!). ಹಾಗಾಗಿ ಮತ್ತೆ ಬಳಿಯಬೇಕಾಗುತ್ತದೆ. ನೋಡಲು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಸುತ್ತಮುತ್ತ ಮರದ ನೆರಳಿಲ್ಲ.