ಬ್ರೋಕನ್ ಸೋರ್ಡ್ ಆಟಗಳು ಹೊಸಬರಿಗೆ ಹಿಡಿಸುತ್ತವಾ?

ಪ್ರಶ್ನೆ: ನಾನು ತುಮಕೂರಿನಲ್ಲಿ ಓದುತ್ತಿದ್ದೇನೆ. ಪಬ್‌ಜಿ, ಕ್ರಿಕೆಟ್ ಗೇಮ್ ಬಿಟ್ಟು ಬೇರೇನೂ ಆಡಿದವನಲ್ಲ. ಬ್ರೋಕನ್ ಸೋರ್ಡ್ ಅನ್ನೋ ಹಳೆಯ ಸರಣಿ ಮತ್ತೆ ಬಂದಿದೆಯಂತೆ, ಐದನೇ ಭಾಗವನ್ನು ತುಂಬಾ ಜನ ಹೊಗಳುತ್ತಾರೆ. ನನ್ನಂಥವರಿಗೆ ಇದು ಹಿಡಿಸುತ್ತದಾ? ಅದರಿಂದಲೇ ಶುರು ಮಾಡಬಹುದಾ?

ಉತ್ತರ:

ಹಿಡಿಸಬಹುದು. ಆದರೆ ಐದರಿಂದ ಶುರು ಮಾಡಬೇಡಿ, ಒಂದರಿಂದ ಶುರು ಮಾಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಇದರಲ್ಲಿ ಗುಂಡು ಹೊಡೆಯುವುದಿಲ್ಲ, ಸ್ಕೋರ್ ಇಲ್ಲ, ಎದುರಾಳಿ ತಂಡ ಇಲ್ಲ. ಪರದೆ ಮೇಲೆ ಒಂದು ಜಾಗ ಇರುತ್ತದೆ. ಕಂಡಿದ್ದನ್ನು ಕ್ಲಿಕ್ ಮಾಡಿ ನೋಡುತ್ತೀರಿ, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳುತ್ತೀರಿ, ಎದುರಿಗೆ ಸಿಕ್ಕವರನ್ನು ಮಾತಾಡಿಸುತ್ತೀರಿ. ಯಾವ ಸಾಮಾನು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ತಲೆ ಓಡಿಸುವುದೇ ಆಟ. ಪಬ್‌ಜಿ ಆಡಿದವರಿಗೆ ಮೊದಲ ಅರ್ಧ ಗಂಟೆ ಕೈ ಕಟ್ಟಿ ಹಾಕಿದ ಹಾಗೆ ಅನ್ನಿಸುವುದು ಗ್ಯಾರಂಟಿ.

ಮೊದಲ ಆಟ ಬಂದಿದ್ದು 1996ರಲ್ಲಿ. ಇಂಗ್ಲೆಂಡಿನ ಯಾರ್ಕ್ ಊರಿನ ರೆವಲ್ಯೂಷನ್ ಸಾಫ್ಟ್‌ವೇರ್ ಮಾಡಿದ್ದು, ಅದರ ಹಿಂದೆ ಇದ್ದವರು ಚಾರ್ಲ್ಸ್ ಸೆಸಿಲ್. ಜಾರ್ಜ್ ಸ್ಟೊಬಾರ್ಟ್ ಅನ್ನೋ ಅಮೆರಿಕದ ವಕೀಲ ರಜೆಗೆ ಪ್ಯಾರಿಸ್‌ಗೆ ಬಂದು ಒಂದು ಕೆಫೆಯ ಹೊರಗೆ ಕೂತಿರುತ್ತಾನೆ. ಕೋಡಂಗಿ ವೇಷದವನೊಬ್ಬ ಅಕಾರ್ಡಿಯನ್ ಹಿಡಿದು ಒಳಗೆ ಹೋಗುತ್ತಾನೆ, ಯಾರದೋ ಬ್ಯಾಗ್ ಕಿತ್ತುಕೊಂಡು ಓಡುತ್ತಾನೆ, ಆಮೇಲೆ ಬಾಂಬ್ ಸಿಡಿಯುತ್ತದೆ. ಅಲ್ಲಿಗೆ ಬರುವ ಪತ್ರಕರ್ತೆ ನಿಕೋ ಕೊಲಾರ್ಡ್ ಜೊತೆ ಸೇರಿ ಜಾರ್ಜ್ ಅದರ ಬೆನ್ನು ಹತ್ತುತ್ತಾನೆ. ಐರ್ಲೆಂಡ್, ಸಿರಿಯಾ, ಸ್ಪೇನ್, ಸ್ಕಾಟ್ಲೆಂಡ್ ಅಂತ ಕಥೆ ಸುತ್ತುತ್ತದೆ. ಹಿನ್ನೆಲೆಯಲ್ಲಿ ಇರುವುದು ಟೆಂಪ್ಲರ್ ಅನ್ನೋ ಮಧ್ಯಯುಗದ ಕ್ರೈಸ್ತ ಯೋಧರ ಪಂಥ. 1307ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್ ತನ್ನ ರಾಜ್ಯದಲ್ಲಿದ್ದ ಅವರಲ್ಲಿ ನೂರಾರು ಜನರನ್ನು ಒಂದೇ ದಿನ ಹಿಡಿಸಿದ, 1314ರಲ್ಲಿ ಅವರ ಮುಖ್ಯಸ್ಥ ಜಾಕ್ ದ ಮೊಲೆಯನ್ನು ಸುಡಿಸಿದ. ಇಷ್ಟು ನಿಜ. ಅದರ ಮೇಲೆ ಕಟ್ಟಿದ ಗುಪ್ತ ಸಂಘ, ನಿಧಿ, ಶಾಪ ಎಲ್ಲ ಕಟ್ಟುಕಥೆ. ಕೈದಾಳಕ್ಕೆ ಹೋದವರಿಗೆ ಜಕಣಾಚಾರಿ, ಕಲ್ಲೊಳಗಿನ ಕಪ್ಪೆ ನೆನಪಿರುತ್ತದೆಯೇ ಹೊರತು ದೇವಸ್ಥಾನ ಕಟ್ಟಿಸಿದ ಸಾಮಂತನ ಹೆಸರು ನೆನಪಿರುವುದಿಲ್ಲ ನೋಡಿ, ಇಲ್ಲೂ ಹಾಗೆಯೇ. ಇದನ್ನು ಇತಿಹಾಸ ಅಂತ ನಂಬಿ ಪರೀಕ್ಷೆಯಲ್ಲಿ ಬರೆಯಬೇಡಿ.

ಇದರ ರುಚಿ ಎಲ್ಲಿದೆ ಅಂದರೆ ಮಾತಿನಲ್ಲಿ. ಜೇಬಿನಲ್ಲಿರುವ ಯಾವ ಸಾಮಾನನ್ನಾದರೂ ಯಾರಿಗಾದರೂ ತೋರಿಸಬಹುದು. ಚರಂಡಿಯಲ್ಲಿ ಸಿಕ್ಕ ಕೋಡಂಗಿಯ ಕೆಂಪು ಮೂಗು, ಕೊಳಕು ಟಿಶ್ಯೂ ಹಿಡಿದುಕೊಂಡು ಜಾರ್ಜ್ ಪೊಲೀಸಿನವರ ಮುಂದೆ, ದೊಡ್ಡ ಮನುಷ್ಯರ ಮುಂದೆ ಚಾಚುತ್ತಾನೆ. ಅವರು ಒಬ್ಬೊಬ್ಬರೂ ಒಂದೊಂದು ಥರ ಮುಖ ಸಿಂಡರಿಸುತ್ತಾರೆ. ಕಥೆಗೆ ಅದರಿಂದ ಏನೂ ಆಗಬೇಕಾಗಿಲ್ಲ. ಸುಮ್ನೆ ಬರೆದಿದ್ದಾರೆ. ಆ ಸುಮ್ನೆ ಬರೆದಿದ್ದೇ ನನಗೆ ಇಷ್ಟ.

ಒಗಟುಗಳೂ ಆ ಜನರ ಸ್ವಭಾವದಿಂದಲೇ ಹುಟ್ಟುತ್ತವೆ. ಒಂದು ಉದಾಹರಣೆ ಹೇಳುತ್ತೇನೆ, ಆಟದ ಮೊದಲಲ್ಲೇ ಬರುವುದರಿಂದ ನಿಮಗೆ ನಷ್ಟವಿಲ್ಲ. ಕೊಲೆಗಾರ ಓಡಿಹೋದ ದಾರಿ ಹಿಡಿಯಲು ರಸ್ತೆಯ ಮ್ಯಾನ್‌ಹೋಲ್ ತೆಗೆಯಬೇಕು. ತೆಗೆಯುವ ಸಾಧನ ಇರುವುದು ಪಕ್ಕದಲ್ಲಿ ರಸ್ತೆ ಅಗೆಯುತ್ತಿರುವ ಕೆಲಸಗಾರನ ಹತ್ತಿರ. ಅವನಿಗೆ ಒಂದು ನ್ಯೂಸ್‌ಪೇಪರ್ ಕೊಟ್ಟರೆ ಸಾಕು, ಕುದುರೆ ರೇಸಿನ ಸುದ್ದಿ ನೋಡುತ್ತಾ ಕೆಲಸ ಮರೆಯುತ್ತಾನೆ. ನನ್ನ ಅಕ್ಕನ ಮಗ ಹೈಸ್ಕೂಲ್ ಹುಡುಗ, ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಕೂತು ನೋಡುತ್ತಿದ್ದವನು ನನಗಿಂತ ಮೊದಲೇ, 'ಮಾವ, ಅವ್ನಿಗೆ ಪೇಪರ್ ಕೊಡು, ಕೆಲಸ ಬಿಟ್ಟು ಓದ್ತಾನೆ' ಅಂದ. ಬಟವಾಡಿಯಲ್ಲಿ ರಸ್ತೆ ಅಗೆಯುವುದನ್ನು ನೋಡಿ ಬೆಳೆದ ಹುಡುಗನಿಗೆ ಪ್ಯಾರಿಸ್ ಅರ್ಥ ಆಗುವುದಕ್ಕೆ ಕಷ್ಟವೇನಿಲ್ಲ.

ಭಾಷೆ ಅಂದಾಗ ನೆನಪಾಯಿತು. ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಬಹುದು. ಜಾರ್ಜ್‌ಗೆ ದನಿ ಕೊಟ್ಟ ರಾಲ್ಫ್ ಸ್ಯಾಕ್ಸನ್ ನಿಧಾನವಾಗಿ, ಬಿಡಿಸಿ ಮಾತಾಡುತ್ತಾರೆ. ತಮಾಷೆಯಲ್ಲಿ ಕಾಲು ಭಾಗ ತಪ್ಪಿಹೋದರೂ ಕಥೆ ಕೈ ಬಿಡುವುದಿಲ್ಲ.

ಚಿತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೋಡಿದರೆ ಗೊತ್ತಾಗುತ್ತದೆ. ಡಬ್ಲಿನ್‌ನಲ್ಲಿ ಡಾನ್ ಬ್ಲೂತ್ ಅವರ ಕಾರ್ಟೂನ್ ಸ್ಟುಡಿಯೋದಲ್ಲಿ ಪಳಗಿದವರು ಹಿನ್ನೆಲೆ ಬರೆದಿದ್ದಾರೆ.

ಈಗ ಮತ್ತೆ ಬಂದ ಕಥೆ. 1997ರಲ್ಲಿ ಎರಡನೇ ಭಾಗ ಬಂತು, ಅದೂ ಚೆನ್ನಾಗಿದೆ. 2003ರಲ್ಲಿ ಮೂರನೆಯದನ್ನು ಕಾಲಕ್ಕೆ ತಕ್ಕ ಹಾಗೆ ತ್ರೀಡಿ ಮಾಡಿದರು. ಕ್ಲಿಕ್ ಹೋಯಿತು, ಅದರ ಬದಲು ಡಬ್ಬ ತಳ್ಳುವ ಕೆಲಸ ಬಂತು. ಪೆಟ್ಟಿಗೆ ತಳ್ಳು, ಹತ್ತು, ಇಳಿ, ಮತ್ತೆ ತಳ್ಳು. ಗೋಡೌನ್ ಕೆಲಸ. 2006ರಲ್ಲಿ ನಾಲ್ಕನೆಯದು. ಆಮೇಲೆ ದುಡ್ಡು ಹಾಕುವವರು ಸಿಗದ ಕಾಲ. 2012ರಲ್ಲಿ ಸೆಸಿಲ್, ಜನರಿಂದ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಿನಲ್ಲಿ ಅಭಿಮಾನಿಗಳನ್ನೇ ಕೇಳಿದರು. 4 ಲಕ್ಷ ಡಾಲರ್ ಕೇಳಿದ್ದಕ್ಕೆ 7.5 ಲಕ್ಷಕ್ಕೂ ಜಾಸ್ತಿ ಬಂತು. ಹಾಗೆ ಹುಟ್ಟಿದ್ದು ಐದನೇ ಭಾಗ, ದಿ ಸರ್ಪೆಂಟ್ಸ್ ಕರ್ಸ್. ಚಿತ್ರ ಬರೆದ ಹಿನ್ನೆಲೆ ವಾಪಸ್, ಕ್ಲಿಕ್ ಇದೆ, ಜಾರ್ಜ್‌ಗೆ ಅದೇ ದನಿ.

ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ. ದುಡ್ಡು ಕೊಟ್ಟವರು ಹಳೆಯ ಅಭಿಮಾನಿಗಳು, ಆಟವೂ ಅವರನ್ನೇ ನೋಡುತ್ತಾ ನಿಂತಿದೆ. ಮೊದಲ ಆಟದ ಪೊಲೀಸ್ ಸಾರ್ಜೆಂಟ್ ಮೂ ಮತ್ತೆ ಬರುತ್ತಾನೆ. ಒಂದು ಮೇಕೆ ಬರುತ್ತದೆ. ಹಳಬರು ಚಪ್ಪಾಳೆ ಹೊಡೆಯುತ್ತಾರೆ. ಹೊಸಬರಿಗೆ ಮೇಕೆ ಯಾಕೆ ಬಂತು ಅಂತಲೇ ಗೊತ್ತಾಗುವುದಿಲ್ಲ. ಮೊದಲ ಆಟದಲ್ಲಿ ಐರ್ಲೆಂಡಿನ ಪಾಳುಬಿದ್ದ ಕೋಟೆಯ ಹತ್ತಿರ ಒಂದು ಮೇಕೆ ಜಾರ್ಜ್‌ನನ್ನು ಮತ್ತೆ ಮತ್ತೆ ಗುದ್ದಿ ಬೀಳಿಸುತ್ತದೆ. ಅಲ್ಲಿಯವರೆಗೆ ಆರಾಮಾಗಿ ಯೋಚಿಸಲು ಬಿಟ್ಟ ಆಟ, ಅಲ್ಲಿ ಮುನ್ಸೂಚನೆ ಕೊಡದೆ ಕೈ ಚುರುಕು ಕೇಳುತ್ತದೆ. ಅದು ಕಷ್ಟದ ಒಗಟಲ್ಲ, ಕೆಟ್ಟ ಒಗಟು. ಅದನ್ನೇ ಈಗ ಎಲ್ಲರೂ ಹೆಮ್ಮೆಯಿಂದ ನೆನೆಯುತ್ತಾರೆ, ವಿಚಿತ್ರ ಅಲ್ವಾ?

ಐದನೇ ಭಾಗವನ್ನು ಎರಡು ತುಂಡು ಮಾಡಿ ಬಿಟ್ಟರು. ಮೊದಲರ್ಧ 2013ರ ಡಿಸೆಂಬರ್, ಉಳಿದದ್ದು 2014ರ ಏಪ್ರಿಲ್. ಈಗ ಎರಡೂ ಒಟ್ಟಿಗೇ ಸಿಗುತ್ತವೆ, ಆದರೆ ಹೊಲಿಗೆ ಕಾಣುತ್ತದೆ. ಪ್ಯಾರಿಸ್ಸಿನ ಗ್ಯಾಲರಿಯಲ್ಲಿ ಕೊಲೆ, ಒಂದು ಪೇಂಟಿಂಗ್ ಕಳವು. ಜಾರ್ಜ್ ಈಗ ವಿಮೆ ಕಂಪನಿ ಪರವಾಗಿ ತನಿಖೆ ಮಾಡುವವನು. ಮೊದಲರ್ಧ ಪೂರ್ತಿ ವಿಚಾರಣೆಯಲ್ಲೇ ಕಳೆಯುತ್ತದೆ. ನಾನು ಆಡುವಾಗ ಅಮ್ಮ ಸ್ವಲ್ಪ ಹೊತ್ತು ನೋಡಿ, 'ಇವ್ನು ಬರೀ ಮಾತಾಡ್ತಾನೇ ಇರ್ತಾನಲ್ಲ, ಆಟ ಯಾವಾಗ ಶುರುವಾಗೋದು?' ಅಂದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ. ಎರಡನೇ ಅರ್ಧದಲ್ಲಿ ಗುಪ್ತ ಪಂಥ, ಹಳೆಯ ರಹಸ್ಯ ಎಲ್ಲ ಒಟ್ಟಿಗೇ ನುಗ್ಗಿ ಬಂದು, ಮಾತಾಡಲು ಪುರುಸೊತ್ತೇ ಇಲ್ಲದ ಹಾಗೆ ಮುಗಿಯುತ್ತದೆ. ಮಾತು ಬೇಕಾದ ಕಡೆ ಅವಸರ, ಬೇಡದ ಕಡೆ ಸಾವಕಾಶ. ಪಾತ್ರಗಳೂ ತ್ರೀಡಿ ಬೊಂಬೆಗಳಿಂದ ತೆಗೆದವು. ಅಷ್ಟು ಚಂದದ ಚಿತ್ರದ ಮುಂದೆ ಬಿಗಿದುಕೊಂಡು ಓಡಾಡುತ್ತವೆ.

ಸುಳಿವು ಕೊಡುವ ವ್ಯವಸ್ಥೆ ಸೇರಿಸಿದ್ದಕ್ಕೆ ಹಳಬರಲ್ಲಿ ಕೆಲವರು ಗೊಣಗುತ್ತಾರೆ. ನನಗೆ ಅದು ಸರಿ ಅನ್ನಿಸುತ್ತದೆ. ಸಿಕ್ಕಿಹಾಕಿಕೊಂಡರೆ ಎಲ್ಲರೂ ಹೇಗೂ ಯೂಟ್ಯೂಬ್ ನೋಡುತ್ತಾರೆ, ಅಲ್ಲಿ ಮುಂದಿನ ನಾಲ್ಕು ಒಗಟಿನ ಉತ್ತರವೂ ಕಣ್ಣಿಗೆ ಬೀಳುತ್ತದೆ. ಆಟದ ಒಳಗಿನ ಸುಳಿವು ಒಂದೊಂದೇ ಮೆಟ್ಟಿಲು ಹತ್ತಿಸುತ್ತದೆ.

ಸರಣಿ ಪೂರ್ತಿಗೆ ಇರುವ ಇನ್ನೊಂದು ದೋಷವನ್ನು ಹೇಳಲೇಬೇಕು. ಮೊದಲ ಆಟದ ಸಿರಿಯಾದ ಊರಿನವರು, ಐರ್ಲೆಂಡಿನ ಹೆಂಡದಂಗಡಿಯವರು, ಎಲ್ಲರೂ ಪ್ರವಾಸಿ ಕಣ್ಣಿಗೆ ಕಾಣುವ ಬೊಂಬೆಗಳು. ಪೇಟೆ, ಧೂಳು, ವ್ಯಾಪಾರಿ, ವಿಚಿತ್ರ ಉಚ್ಚಾರಣೆ. ಇವರೇ ಶಿರಾಕ್ಕೋ ಮಧುಗಿರಿ ಕೋಟೆಗೋ ಬಂದು ಆಟ ಮಾಡಿದ್ದರೆ ನಮ್ಮನ್ನೂ ಹೀಗೇ ತೋರಿಸುತ್ತಿದ್ದರು ಅನ್ನುವ ಯೋಚನೆ ನನಗೆ ಬಂದೇ ಬರುತ್ತದೆ. ಜಾರ್ಜ್ ತನ್ನನ್ನೇ ಗೇಲಿ ಮಾಡಿಕೊಳ್ಳುವುದರಿಂದ ಸ್ವಲ್ಪ ಮಾಫಿ.

ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕೆ ಬರೋಣ. ಮೊದಲ ಆಟ ಎರಡು ರೂಪದಲ್ಲಿ ಮತ್ತೆ ಬಂದಿದೆ. ಒಂದು ಡೈರೆಕ್ಟರ್ಸ್ ಕಟ್, ಫೋನಿಗೂ ಬಂದಿದೆ. ಇದರಲ್ಲಿ ನಿಕೋಗೆ ಹೊಸ ಭಾಗಗಳಿವೆ, ಆಟ ಶುರುವಾಗುವುದೇ ಅವಳಿಂದ. ಅದೇ ನನಗೆ ಹಿಡಿಸಲಿಲ್ಲ. ಕೆಫೆಯಲ್ಲಿ ಏನೂ ಗೊತ್ತಿಲ್ಲದೆ ಜಾರ್ಜ್ ಜೊತೆ ಕೂತು ಬಾಂಬಿಗೆ ಬೆಚ್ಚಿಬೀಳುವ ಮಜಾ ಹೋಗುತ್ತದೆ. ಇನ್ನೊಂದು ರಿಫೋರ್ಜ್ಡ್, 2024ರಲ್ಲಿ ಬಂದಿದ್ದು. 1996ರ ಆಟವನ್ನೇ ದೊಡ್ಡ ಪರದೆಗೆ ಹೊಸದಾಗಿ ಮಾಡಿದ್ದಾರೆ, ನಿಕೋಳ ಹೊಸ ಭಾಗಗಳು ಇಲ್ಲ. ಬೇಕಾದರೆ ಹಳೆಯ ಚಿತ್ರಕ್ಕೆ ಬದಲಾಯಿಸಿ ನೋಡಬಹುದು. ಹೊಸಬರಿಗೆ ಅಂತ, ಸುಳಿವು ಕೊಟ್ಟು ನಡೆಸುವ ಸ್ಟೋರಿ ಮೋಡ್ ಇದೆ. ನಿಮ್ಮ ಹತ್ತಿರ ಕಂಪ್ಯೂಟರ್ ಇದ್ದರೆ ಇದನ್ನೇ ತೆಗೆದುಕೊಳ್ಳಿ. ಅವಸರ ಬೇಡ, ಇಂಥ ಆಟಗಳು ಸೇಲ್‌ಗೆ ಬರುತ್ತಲೇ ಇರುತ್ತವೆ.

ಫೋನ್ ಮಾತ್ರ ಇದ್ದರೂ ಬೇಜಾರಿಲ್ಲ. ನಾನು ಈ ಆಟಗಳನ್ನು ಜಾಸ್ತಿ ಆಡಿದ್ದು ಬೆಂಗಳೂರಿಗೆ ಹೋಗಿಬರುವ ರೈಲಿನಲ್ಲೇ. ಕ್ಯಾತ್ಸಂದ್ರ ದಾಟಿದ ಮೇಲೆ ಸೀಟಿನ ಆಸೆ ಬಿಟ್ಟು ಕಂಬಿಗೆ ಒರಗಿ ನಿಂತರೂ ಒಂದು ಬೆರಳಲ್ಲಿ ಆಡಬಹುದು. ಇಂಟರ್ನೆಟ್ ಬೇಡ. ಬೆರಳು ಹತ್ತಿರ ಹೋದಾಗ ಮುಟ್ಟಬಹುದಾದ ಜಾಗ ಮಿನುಗುತ್ತದೆ, ಹಾಗಾಗಿ ಸಣ್ಣ ಸಾಮಾನು ಹುಡುಕುತ್ತಾ ಕಣ್ಣು ನೋಯಿಸಿಕೊಳ್ಳಬೇಕಾಗಿಲ್ಲ. ಚಿಕ್ಕಬಾಣಾವರದಲ್ಲಿ ಜನ ನುಗ್ಗಿದಾಗ ಜೇಬಿಗೆ ಹಾಕಿದರೆ ಜಾರ್ಜ್ ಅಲ್ಲೇ ಕಾಯುತ್ತಾನೆ. ನಿಮ್ಮ ತಂಡದವರ ಬೈಗುಳ ಇಲ್ಲ. ಇಯರ್‌ಫೋನ್ ಮಾತ್ರ ಮರೆಯಬೇಡಿ, ಬ್ಯಾರಿಂಗ್ಟನ್ ಫೆಲಂಗ್ ಅವರ ಸಂಗೀತ ಇಲ್ಲದೆ ಅರ್ಧ ಮಜಾ ಇಲ್ಲ.

ಒಂದು ಮುಗಿಸಿ, ಇಷ್ಟವಾದರೆ ಎರಡು ಆಡಿ, ಮೂರು ನಾಲ್ಕು ಬಿಟ್ಟು ಐದಕ್ಕೆ ಹೋಗಿ. ಆಗ ಆ ಮೇಕೆಗೆ ನೀವೂ ನಗುತ್ತೀರಿ. ಪಾರ್ಜಿವಲ್ಸ್ ಸ್ಟೋನ್ ಅಂತ ಆರನೆಯದನ್ನೂ 2023ರಲ್ಲಿ ಘೋಷಿಸಿದ್ದಾರೆ. ಅದಕ್ಕಾದರೂ ಹಳೆಯ ಪರಿಚಯದವರನ್ನೆಲ್ಲ ಕರೆಯದೆ ನಾಲ್ಕು ಹೊಸ ಮುಖ ತರಲಿ ಅನ್ನುವುದು ನನ್ನ ಆಸೆ.