ನಗರದ ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಬಿಡುವ ಬಾಡಿಗೆ ಸೈಕಲ್ ಇಷ್ಟು ಅಗ್ಗವಾಗಿದ್ದರೂ ಬಡವರ ಬಡಾವಣೆಗಳಲ್ಲಿ ಅದನ್ನು ಬಳಸುವವರು ಕಡಿಮೆ ಏಕೆ?

ದೊಡ್ಡ ತೊಡಕುಗಳಲ್ಲಿ ಒಂದು ಕ್ರೆಡಿಟ್ ಕಾರ್ಡ್. ಸೈಕಲ್ ವಾಪಸ್ ಬರುತ್ತದೆ ಎಂಬ ಖಾತರಿ ಕಂಪನಿಗೆ ಬೇಕು. ಕಾರ್ಡಿನ ವಿವರ ಕೈಯಲ್ಲಿದ್ದರೆ, ಸೈಕಲ್ ಕಳೆದರೂ ಅದರ ಬೆಲೆಯನ್ನು ಅಲ್ಲಿಂದಲೇ ಹಿಡಿದುಕೊಳ್ಳಬಹುದು. ಹಾಗಾಗಿ ಬ್ಯಾಂಕ್ ಖಾತೆಯೇ ಇಲ್ಲದವರ ಜೇಬಿನಲ್ಲಿ ಬಾಡಿಗೆಯ ದುಡ್ಡಿದ್ದರೂ ಸೈಕಲ್ಲಿನ ಬೀಗ ತೆರೆಯುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾ ಈ ಗಂಟನ್ನು ಬಿಡಿಸಲು ಪ್ರಯತ್ನಿಸಿತು. 2015ರಲ್ಲಿ ಅಲ್ಲಿ ಶುರುವಾದ 'ಇಂಡೆಗೋ' ಸೈಕಲ್ ಸೇವೆ, ಹತ್ತಿರದ ಅಂಗಡಿಯಲ್ಲಿ ಬಾರ್‌ಕೋಡ್ ತೋರಿಸಿ ನಗದು ಕಟ್ಟಲು ಅವಕಾಶ ಕೊಟ್ಟಿತು. ಸರ್ಕಾರದ ಆಹಾರ ಅಥವಾ ವೈದ್ಯಕೀಯ ನೆರವಿನ ಕಾರ್ಡ್ ಇದ್ದವರಿಗೆ ತಿಂಗಳಿಗೆ 5 ಡಾಲರಿನ ಪಾಸ್ ಕೂಡ ಬಂತು. ನೆರವಿನ ಕಾರ್ಡನ್ನೇ ಆಧಾರ ಮಾಡಿಕೊಂಡದ್ದು ನನಗೆ ತುಂಬ ಹಿಡಿಸಿದ ಸಂಗತಿ. ಬಡತನವನ್ನು ಮತ್ತೊಂದು ಕೌಂಟರಿನ ಮುಂದೆ ನಿಂತು ಸಾಬೀತು ಮಾಡಬೇಕಾಗಿಲ್ಲ.

ಆದರೆ ಪಾಸ್ ಅಗ್ಗವಾದರೆ ಸಾಲದು, ಸೈಕಲ್ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ ಇರಬೇಕು. ನ್ಯೂಯಾರ್ಕಿನ 'ಸಿಟಿ ಬೈಕ್' 2013ರಲ್ಲಿ ಆರಂಭವಾದದ್ದು ಮ್ಯಾನ್‌ಹ್ಯಾಟನ್‌ನ ದಕ್ಷಿಣ ಭಾಗ ಮತ್ತು ಬ್ರೂಕ್ಲಿನ್‌ನ ಕೆಲವು ಕಡೆ. ನಗರದ ತೀರಾ ಬಡ ಪ್ರದೇಶವಾದ ಬ್ರಾಂಕ್ಸ್‌ಗೆ ಅದು ಕಾಲಿಟ್ಟದ್ದು 2020ರಲ್ಲಿ. ಒಂದು ಬಡಾವಣೆಗೆ ಒಂದೋ ಎರಡೋ ನಿಲ್ದಾಣ ಹಾಕಿದರೂ ಉಪಯೋಗವಿಲ್ಲ: ಸೈಕಲ್ ಹತ್ತಿದವರು ಅದನ್ನು ಮನೆ, ಮಾರುಕಟ್ಟೆ, ಕೆಲಸದ ಜಾಗದ ಹತ್ತಿರ ಬಿಡಬೇಕಲ್ಲ? ಹಾಗೆ ಬಿಡಲು ಜಾಗವಿಲ್ಲದೆ ಬಳಕೆ ಕುಸಿದಾಗ, 'ಇಲ್ಲಿ ಬೇಡಿಕೆಯೇ ಇಲ್ಲ' ಎಂದು ಷರಾ ಬರೆದುಬಿಡುವುದು ಅನ್ಯಾಯ.