ದೋಣಿ ತಳಕ್ಕೆ ಗಾಳಿ ಊದಿದರೆ ಡೀಸೆಲ್ ಉಳಿಯುತ್ತಾ?

ನಮಸ್ಕಾರ ಸರ್. ದೊಡ್ಡ ಹಡಗಿನ ಹಾಗೆ ತಳದಲ್ಲಿ ಗಾಳಿ ತುಂಬಿದರೆ, ಮುನಿರಾಬಾದ್ ಹಿನ್ನೀರಿನಲ್ಲಿ ಓಡಿಸುವ ನಿಮ್ಮ ಮೀನುದೋಣಿಗೂ ಡೀಸೆಲ್ ಉಳಿಯುತ್ತಾ ಅಂತ ಕೇಳಿದ್ದೀರಿ. ವಿಚಾರ ಸರಿಯಾಗೇ ಇದೆ. ಆದರೆ ನಿಮ್ಮ ದೋಣಿಗೆ ಬೇಡ ಅನ್ನುತ್ತೇನೆ.

ಜೋಳದ ರೊಟ್ಟಿ ತಟ್ಟುವಾಗ ಅಡಿಗೆ ಒಣ ಹಿಟ್ಟು ಉದುರಿಸುತ್ತಾರಲ್ಲ, ರೊಟ್ಟಿ ಅಂಟದೆ ಸಲೀಸಾಗಿ ತಿರುಗುತ್ತದೆ. ಹಡಗಿನಡಿ ಗಾಳಿ ಮಾಡುವುದೂ ಅದೇ ಕೆಲಸ. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ, ಅಂಟೂ ಹತ್ತಾರು ಪಟ್ಟು ಜಾಸ್ತಿ. ನಿಧಾನವಾಗಿ ಸಾಗುವ ದೊಡ್ಡ ಸರಕು ಹಡಗಿಗೆ ನೀರು ಒಡ್ಡುವ ತಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಉಜ್ಜಾಟದ್ದೇ. ಅದರ ತಳ ಚಪ್ಪಟೆ, ಅಗಲ. ಅಲ್ಲಿ ಬೋರಲು ಹಾಕಿದ ಪರಾತದಂಥ ತಗ್ಗು ಮಾಡಿ ಗಾಳಿ ಹಿಡಿದಿಡುತ್ತಾರೆ. ಅಷ್ಟು ಜಾಗ ನೀರನ್ನು ಮುಟ್ಟುವುದೇ ಇಲ್ಲ! ಆದರೆ ಹಿಂದಿನ ಅಂಚಿನಿಂದ ಗಾಳಿ ಸೋರುತ್ತಲೇ ಇರುತ್ತದೆ, ಬ್ಲೋವರ್ ತುಂಬುತ್ತಲೇ ಇರಬೇಕು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಊದುವ ಖರ್ಚು ಕಳೆದು ಉಳಿದದ್ದೇ ಲಾಭ.

ನಿಮ್ಮ ದೋಣಿಯ ತಳ ಚೂಪು ಅಂದಿದ್ದೀರಿ. ಗಾಳಿ ಪಕ್ಕಕ್ಕೆ ಜಾರಿ ಮೇಲೆ ಬಂದುಬಿಡುತ್ತದೆ. ದೋಣಿ ನೂಕುವ ಫ್ಯಾನಿಗೆ (ಪ್ರೊಪೆಲರ್) ಗಾಳಿ ಸಿಕ್ಕರಂತೂ ಅದು ಸುಮ್ನೆ ತಿರುಗುತ್ತದೆ, ನೂಕುವ ಬಲ ಕಡಿಮೆಯಾಗುತ್ತದೆ.

ಮೊದಲು ದೋಣಿ ದಡಕ್ಕೆ ಎಳೆದು ತಳ ಸವರಿ ನೋಡಿ. ಹೋದ ಬೇಸಿಗೆಯಲ್ಲಿ ನಮ್ಮ ಸೋದರಮಾವನ ದೋಣಿಯನ್ನು ದಡದಲ್ಲಿ ಮಗುಚಿ ಹಾಕಿದಾಗ ಪಾಚಿ ಬೆರಳುದ್ದ ಬೆಳೆದಿತ್ತು, ಕಂಬಳಿ ಹೊದಿಸಿದ ಹಾಗೆ. ತೆಂಗಿನ ನಾರು ಹಿಡಿದು ಇಬ್ಬರೂ ಅರ್ಧ ದಿನ ತಿಕ್ಕಿದೆವು. ನೀರಿಗಿಳಿಸಿದ ಕೂಡಲೇ ಓಟದಲ್ಲಿ ವ್ಯತ್ಯಾಸ ಗೊತ್ತಾಯಿತು. ನೀವೂ ತಿಕ್ಕುವ ಮೊದಲು ಒಮ್ಮೆ, ತಿಕ್ಕಿದ ಮೇಲೆ ಒಮ್ಮೆ, ಐದು ಲೀಟರಿಗೆ ಎಷ್ಟು ದೂರ ಓಡಿತು ಅಂತ ಬರೆದಿಡಿ. ಇಲ್ಲೇ ತಿಳಿಸಿ, ಕಾಯುತ್ತಿರುತ್ತೇನೆ.